ಮಾತು ಬಿಗಿ, ದಾರಿ ಮುಕ್ತ: ಅಮೆರಿಕನ್ನರು ಕಂಡ ಬ್ರಿಟನ್

1942ರಲ್ಲಿ ಅಮೆರಿಕದ ಯುದ್ಧ ಇಲಾಖೆ ಬ್ರಿಟನ್ನಿಗೆ ಹಡಗು ಹತ್ತುವ ತನ್ನ ಸೈನಿಕರ ಕೈಗೆ ಒಂದು ಕಿರುಹೊತ್ತಗೆ ಕೊಟ್ಟಿತು. ಬ್ರಿಟಿಷರ ನಡುವೆ ಹೇಗೆ ಬಾಳಬೇಕು ಎಂಬುದೇ ಅದರ ವಿಷಯ. ನಿಮ್ಮ ಸಂಬಳ ಅವರ ಸೈನಿಕರದಕ್ಕಿಂತ ಹೆಚ್ಚು, ಅದನ್ನು ಮೆರೆಸಬೇಡಿ. ರಾಜನ ಬಗ್ಗೆ ಹಗುರವಾಗಿ ಮಾತಾಡಬೇಡಿ. ರೈಲಿನಲ್ಲಿ ಎದುರು ಕೂತವರು ಮಾತಾಡಿಸದಿದ್ದರೆ ಅದನ್ನು ಸೊಕ್ಕು ಎಂದುಕೊಳ್ಳಬೇಡಿ. ಯಾರಾದರೂ ಊಟಕ್ಕೆ ಕರೆದರೆ ಹೊಟ್ಟೆ ಬಿರಿಯೆ ಉಣ್ಣಬೇಡಿ, ನಿಮ್ಮ ತಟ್ಟೆಯಲ್ಲಿರುವುದು ಆ ಮನೆಯವರ ಇಡೀ ವಾರದ ಪಡಿತರವಾಗಿರಬಹುದು. ಇಂಥ ಬುದ್ಧಿಮಾತುಗಳೇ ಅದರ ತುಂಬ. 1944ರ ಜೂನ್ ಹೊತ್ತಿಗೆ ಸುಮಾರು 15 ಲಕ್ಷ ಅಮೆರಿಕನ್ನರು ಆ ದ್ವೀಪದಲ್ಲಿದ್ದರು. ಇವರೂ ಇಂಗ್ಲಿಷ್ ಆಡುವವರು, ಅವರೂ ಇಂಗ್ಲಿಷ್ ಆಡುವವರು. ಆದರೂ ಕೈಪಿಡಿ ಬೇಕಾಯಿತು.

ಆ ಕೈಪಿಡಿಗೆ ಮುಂಚೆಯೂ ಆಮೇಲೂ, ಬ್ರಿಟನ್ನಿನಲ್ಲಿ ಬಾಳಿದ ಅಮೆರಿಕನ್ನರು ತಮಗೆ ಕಂಡ ವ್ಯತ್ಯಾಸಗಳನ್ನು ಬರೆದಿಡುತ್ತಲೇ ಬಂದಿದ್ದಾರೆ. ವಾಷಿಂಗ್ಟನ್ ಅರ್ವಿಂಗ್ ತನ್ನ ‘ಸ್ಕೆಚ್ ಬುಕ್’ ಬರೆದದ್ದು ಇಂಗ್ಲೆಂಡಿನಲ್ಲಿದ್ದಾಗ. ಎಮರ್ಸನ್ ಎರಡು ಬಾರಿ ಹೋಗಿ ಬಂದು 1856ರಲ್ಲಿ ಇಂಗ್ಲಿಷರ ಗುಣಸ್ವಭಾವದ ಮೇಲೆಯೇ ಒಂದು ಪುಸ್ತಕ ಪ್ರಕಟಿಸಿದ. ಹಾಥಾರ್ನ್ 1853ರಿಂದ 1857ರವರೆಗೆ ಲಿವರ್‌ಪೂಲಿನಲ್ಲಿ ಅಮೆರಿಕದ ಕಾನ್ಸಲ್ ಆಗಿದ್ದ. ಆ ಅನುಭವದಿಂದ 1863ರಲ್ಲಿ ಹೊರಬಂದ ಪುಸ್ತಕಕ್ಕೆ ‘ನಮ್ಮ ಹಳೆಯ ಮನೆ’ ಎಂಬ ಅರ್ಥದ ಹೆಸರಿಟ್ಟ. ಹೆನ್ರಿ ಜೇಮ್ಸ್ 1876ರಲ್ಲಿ ಲಂಡನ್ ಸೇರಿ 1915ರಲ್ಲಿ ಬ್ರಿಟಿಷ್ ಪ್ರಜೆಯಾದ. ಕವಿ ಎಲಿಯಟ್ 1927ರಲ್ಲಿ ಹಾಗೆಯೇ ಬ್ರಿಟಿಷ್ ಪ್ರಜೆಯಾದ. ನಮ್ಮ ಕಾಲಕ್ಕೆ ಬಂದರೆ ಅಯೋವಾದ ಬಿಲ್ ಬ್ರೈಸನ್ ಇದ್ದಾರೆ. 1973ರಲ್ಲಿ ಬ್ರಿಟನ್ನಿಗೆ ಬಂದು, ಅಲ್ಲೇ ಸಂಸಾರ ಹೂಡಿ, 1995ರಲ್ಲಿ ಆ ದೇಶದ ಬಗ್ಗೆ ಬರೆದ ಅವರ ಪುಸ್ತಕವನ್ನು ಬ್ರಿಟಿಷರೇ ಮನೆಮನೆಯಲ್ಲಿ ಇಟ್ಟುಕೊಂಡರು.

ನಮ್ಮಲ್ಲೂ ಪಶ್ಚಿಮವನ್ನು ಕಂಡು ಬರೆದವರಿದ್ದಾರೆ. ‘ಅಮೆರಿಕದಲ್ಲಿ ಗೊರೂರು’ ಓದದ ಹಿರಿಯ ಕನ್ನಡ ಓದುಗರು ಕಡಿಮೆ. ಆದರೆ ಗೊರೂರರು ದೂರದಿಂದ ಹೋದವರು. ಎಲ್ಲವೂ ಬೇರೆ ಇರುತ್ತದೆಂದು ಮೊದಲೇ ಗೊತ್ತಿತ್ತು. ಅಮೆರಿಕನ್ನನ ಪಾಡು ಹಾಗಲ್ಲ. ಅವನು ದಾಯಾದಿಯ ಮನೆಗೆ ಹೋದವನು. ಭಾಷೆ ಒಂದೇ, ಓದಿದ ನಾಟಕ ಕಾದಂಬರಿಗಳು ಅವೇ, ಕಾನೂನಿನ ಬೇರೂ ಅದೇ. ಎಲ್ಲ ಪರಿಚಿತ ಎಂದು ಒಳಗೆ ಕಾಲಿಟ್ಟ ಮೇಲೆ ಹೊಸ್ತಿಲು ತಾಗುತ್ತದೆ. ಇದುವರೆಗೆ ಬಂದ ಬರಹಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಅಮೆರಿಕನ್ನರು ಮಾತಿನಲ್ಲಿ ಬಿಚ್ಚುಗೈಯವರು, ಸ್ವತ್ತು ಮತ್ತು ವ್ಯವಸ್ಥೆಯ ವಿಷಯ ಬಂದಾಗ ಬೇಲಿ ಹಾಕುವವರು. ಬ್ರಿಟಿಷರು ಮಾತಿಗೆ ಬೇಲಿ ಹಾಕುತ್ತಾರೆ, ಆದರೆ ಎಷ್ಟೋ ಮುಖ್ಯ ಸಂಗತಿಗಳನ್ನು ಎಲ್ಲರಿಗೂ ಸೇರಿದ್ದೆಂದು ಬಿಟ್ಟಿದ್ದಾರೆ.

ಮೊದಲ ವಾರದ ಅಚ್ಚರಿಗಳನ್ನು ಬೇಗ ಮುಗಿಸಿಬಿಡುತ್ತೇನೆ. ಹಳೆಯ ಮನೆಗಳ ಬಚ್ಚಲಲ್ಲಿ ಬಿಸಿನೀರಿಗೊಂದು ನಲ್ಲಿ, ತಣ್ಣೀರಿಗೊಂದು ನಲ್ಲಿ. ಬಿಸಿನೀರು ಅಟ್ಟದ ಮೇಲಿನ ತೊಟ್ಟಿಯಿಂದ ಬರುತ್ತಿತ್ತು, ಕುಡಿಯುವ ತಣ್ಣೀರು ಬೀದಿಯ ಕೊಳವೆಯಿಂದ. ಎರಡೂ ಬೆರೆಯಬಾರದೆಂದು ಬೇರೆ ಇಟ್ಟರು. ಬಟ್ಟೆ ಒಗೆಯುವ ಯಂತ್ರ ಅಡುಗೆಮನೆಯಲ್ಲಿ. ಗೋಡೆಯ ಪ್ಲಗ್ಗಿಗೆ ಸ್ವಿಚ್ಚು. ನೆಲಮಟ್ಟದ ಮಹಡಿ ‘ಗ್ರೌಂಡ್ ಫ್ಲೋರ್’, ಅದರ ಮೇಲಿನದು ‘ಫಸ್ಟ್ ಫ್ಲೋರ್’. ಅಮೆರಿಕದಲ್ಲಿ ನೆಲಮಟ್ಟದ್ದೇ ಫಸ್ಟ್. ದಿನಾಂಕದಲ್ಲಿ ದಿನ ಮೊದಲು, ತಿಂಗಳು ಆಮೇಲೆ. ಗಾಡಿ ಎಡಕ್ಕೆ. ಕರ್ನಾಟಕದ ಓದುಗರಿಗೆ ಇದರಲ್ಲಿ ಹೊಸತೇನೂ ಕಾಣದು, ಏಕೆಂದರೆ ಇವುಗಳಲ್ಲಿ ಬಹುಪಾಲು ಬ್ರಿಟಿಷರಿಂದಲೇ ನಮ್ಮ ಮನೆಗೂ ಬಂದವು. ಅಮೆರಿಕನ್ ಬರಹಗಾರರಲ್ಲಿ ಅನೇಕರು ನಲ್ಲಿ, ಪ್ಲಗ್ಗುಗಳ ಬಗ್ಗೆ ಬರೆದು ನಿಲ್ಲಿಸಿಬಿಡುತ್ತಾರೆ. ನೋಡಬೇಕಾದದ್ದು ಅದರಾಚೆಗಿದೆ.

ಭಾಷೆಯಿಂದ ಶುರುಮಾಡೋಣ. ಬೇರೆ ಬೇರೆ ಪದಗಳಿಂದ ಅಂಥ ತೊಂದರೆಯಿಲ್ಲ. ಲಿಫ್ಟ್ ಎಂದರೆ ಎಲಿವೇಟರ್ ಎಂದು ಎರಡು ದಿನದಲ್ಲಿ ತಿಳಿಯುತ್ತದೆ. ತೊಂದರೆ ಕೊಡುವುದು ಒಂದೇ ಪದ ಎರಡು ಅರ್ಥ ಹೊತ್ತಾಗ. ಸಭೆಯಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡುವುದೆಂದರೆ ಬ್ರಿಟನ್ನಿನಲ್ಲಿ ಚರ್ಚೆಗೆ ಮಂಡಿಸುವುದು. ನಮ್ಮ ಸದನಗಳಲ್ಲೂ ಅದೇ ಅರ್ಥ. ಅಮೆರಿಕದಲ್ಲಿ ಅದರ ಅರ್ಥ ಬದಿಗಿಡುವುದು. ಎರಡನೆಯ ಮಹಾಯುದ್ಧದ ಕಾಲದ ಜಂಟಿ ಸಭೆಯೊಂದರಲ್ಲಿ ಈ ಪದದ ಮೇಲೆ ದೀರ್ಘ ಜಗಳವೇ ನಡೆದು, ಎರಡೂ ಕಡೆಯವರು ಬಯಸುತ್ತಿದ್ದದ್ದು ಒಂದನ್ನೇ ಎಂದು ಆಮೇಲೆ ತಿಳಿಯಿತೆಂದು ಚರ್ಚಿಲ್ ತಮ್ಮ ಯುದ್ಧಚರಿತ್ರೆಯಲ್ಲಿ ದಾಖಲಿಸಿದ್ದಾರೆ. ‘ಕ್ವೈಟ್ ಗುಡ್’ ಕೂಡ ಹಾಗೆಯೇ. ಅಮೆರಿಕನ್ ಕಿವಿಗೆ ಅದು ‘ತುಂಬ ಚೆನ್ನಾಗಿದೆ’. ಬ್ರಿಟಿಷ್ ಬಾಯಿಂದ ಬಂದಾಗ ಅದು ‘ಸುಮಾರಾಗಿದೆ’. ಮೇಲಧಿಕಾರಿ ಹೊಗಳಿದರು ಎಂದು ಮನೆಗೆ ಹಿಗ್ಗಿ ಹೋದ ಅಮೆರಿಕನ್ ನೌಕರನ ವರದಿಯನ್ನು ಮರುದಿನ ಮತ್ತೆ ಬರೆಯಲು ಹೇಳಿದರೆ ಅವನಿಗೆ ತಲೆಬುಡ ತಿಳಿಯುವುದಿಲ್ಲ.

ಕನ್ನಡಿಗರಿಗೆ ಇದು ಅರ್ಥವಾಗುವ ರೀತಿ. ನಮ್ಮ ‘ಪರವಾಗಿಲ್ಲ’ ಎಂಬ ಒಂದು ಮಾತನ್ನು ತೆಗೆದುಕೊಳ್ಳಿ. ಅದು ಮೆಚ್ಚುಗೆ, ಸಮಾಧಾನ, ಕ್ಷಮೆ, ನಿರಾಕರಣೆ, ಎಲ್ಲವೂ ಹೌದು. ಯಾವುದೆಂದು ಹೇಳುವುದು ದನಿ. ‘ಹೇಗಿದ್ದೀರಿ’ ಎಂದರೆ ‘ಏನೋ, ನಡೀತಾ ಇದೆ’ ಎನ್ನುತ್ತೇವೆ, ಮಗಳ ಮದುವೆ ಗೊತ್ತಾದ ದಿನವೂ. ಬ್ರಿಟಿಷರ ‘ನಾಟ್ ಟೂ ಬ್ಯಾಡ್’ ಇದೇ ಜಾತಿಯದು. ಅವರು ಎದುರಾದಾಗ ಕೇಳುವ ‘ಆಲ್ ರೈಟ್?’ ನಮ್ಮ ‘ಊಟ ಆಯ್ತಾ?’ ಇದ್ದಂತೆ, ಉತ್ತರ ಬೇಕೆಂದು ಕೇಳುವ ಪ್ರಶ್ನೆಯಲ್ಲ. ತಾನು ಕಾಯಿಲೆ ಬಿದ್ದಂತೆ ಕಾಣುತ್ತಿದ್ದೇನೆಯೇ, ಇವರು ಯಾಕೆ ಹೀಗೆ ಕೇಳುತ್ತಾರೆ ಎಂದು ಹೊಸದಾಗಿ ಬಂದ ಅಮೆರಿಕನ್ ಗಾಬರಿಯಾಗುವುದುಂಟು.

ತಗ್ಗಿಸಿ ಹೇಳುವ ಈ ಅಭ್ಯಾಸಕ್ಕೆ ಬೆಲೆ ತೆತ್ತದ್ದೂ ಇದೆ. 1951ರ ಏಪ್ರಿಲ್‌ನಲ್ಲಿ ಕೊರಿಯಾದ ಇಮ್ಜಿನ್ ನದಿಯ ದಡದಲ್ಲಿ ಬ್ರಿಟಿಷರ ಗ್ಲಾಸ್ಟರ್‌ಷೈರ್ ರೆಜಿಮೆಂಟಿನ ಬೆಟಾಲಿಯನ್ನನ್ನು ಚೀನೀ ಸೇನೆ ಸುತ್ತುವರಿಯಿತು. ಸ್ಥಿತಿ ಹೇಗಿದೆ ಎಂದು ಅಮೆರಿಕನ್ ಜನರಲ್ ಕೇಳಿದಾಗ ಬ್ರಿಗೇಡಿಯರ್ ಟಾಮ್ ಬ್ರೋಡಿ, ‘ಸ್ವಲ್ಪ ಇಕ್ಕಟ್ಟಾಗಿದೆ’ ಎಂಬರ್ಥದ ಮಾತು ಹೇಳಿದರೆಂದು ಆ ಕದನದ ಕಥನಗಳು ಹೇಳುತ್ತವೆ. ಬ್ರಿಟಿಷ್ ಕಿವಿಗೆ ಅದು ಸರ್ವನಾಶದ ಸೂಚನೆ. ಜನರಲ್‌ಗೆ ಅದು ಕಷ್ಟವಿದೆ, ನಿಭಾಯಿಸುತ್ತಿದ್ದಾರೆ ಎಂದು ಕೇಳಿಸಿತು. ಆ ಬೆಟಾಲಿಯನ್ನಿನ ಬಹುಪಾಲು ಸೈನಿಕರು ಸತ್ತರು, ಇಲ್ಲವೇ ಸೆರೆಯಾದರು.

ಬಿಗಿ ಮಾತಿನ ಹಿಂದೆ ತಣ್ಣನೆಯ ಮನಸ್ಸು ಇರುತ್ತದೆಂದು ತಿಳಿಯುವುದು ಅಮೆರಿಕನ್ನರು ಸಾಮಾನ್ಯವಾಗಿ ಮಾಡುವ ತಪ್ಪು. ಅದಕ್ಕೆ ಒಳ್ಳೆಯ ಉತ್ತರ ಹೆಲೀನ್ ಹ್ಯಾನ್ಫ್ ಅವರ ಪತ್ರಗಳಲ್ಲಿದೆ. ನ್ಯೂಯಾರ್ಕಿನ ಈ ಲೇಖಕಿ 1949ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ರಸ್ತೆಯ 84ನೇ ನಂಬರಿನ ಹಳೆ ಪುಸ್ತಕದಂಗಡಿಗೆ ಒಂದು ಪಟ್ಟಿ ಕಳುಹಿಸಿದರು. ಬ್ರಿಟನ್ನಿನಲ್ಲಿ ಆಗ ಇನ್ನೂ ಪಡಿತರ, ಅದು ಮುಗಿದದ್ದು 1954ರಲ್ಲಿ. ಸಂಗತಿ ತಿಳಿದೊಡನೆ ಅವರು ಮುಖ ಕಾಣದ ಆ ಅಂಗಡಿಯವರಿಗೆ ಮಾಂಸ, ಮೊಟ್ಟೆಗಳ ಪಾರ್ಸೆಲ್ ಕಳುಹಿಸತೊಡಗಿದರು. ಪತ್ರಗಳಲ್ಲಿ ಬೈದರು, ನಗಿಸಿದರು. ಅಂಗಡಿಯ ಫ್ರಾಂಕ್ ಡೋಲ್ ಔಪಚಾರಿಕ ಸಂಬೋಧನೆ ಬಿಟ್ಟು ಅವರನ್ನು ಹೆಸರು ಹಿಡಿದು ಕರೆಯಲು ವರ್ಷಗಳೇ ಹಿಡಿದವು. ಆದರೆ ಅವರು ಕೇಳಿದ ಪುಸ್ತಕಕ್ಕಾಗಿ ಊರೂರು ತಿರುಗಿ ಹುಡುಕಿ ಕಳುಹಿಸುವುದನ್ನು ಡೋಲ್ ತಾವು ತೀರಿಕೊಳ್ಳುವವರೆಗೆ, 1968ರವರೆಗೆ, ನಿಲ್ಲಿಸಲಿಲ್ಲ. ಒಬ್ಬರು ಬಾಯ್ತುಂಬ ಹೇಳಿದ್ದನ್ನು ಇನ್ನೊಬ್ಬರು ಕೆಲಸದಲ್ಲಿ ತೋರಿಸಿದರು. ಎರಡೂ ಪ್ರೀತಿಯೇ.

ವರ್ಗದ ಮಾತು ಬಂದಾಗ ನನ್ನ ಮನಸ್ಸು ಅಮೆರಿಕನ್ನರ ಕಡೆ ವಾಲುತ್ತದೆ. ಬ್ರಿಟನ್ನಿನಲ್ಲಿ ಬಾಯಿ ತೆರೆದೊಡನೆ ಊರು, ಶಾಲೆ, ತಂದೆಯ ಕಸುಬು, ಎಲ್ಲದರ ಅಂದಾಜು ಕೇಳುವವರಿಗೆ ಸಿಕ್ಕಿಬಿಡುತ್ತದೆ. ಯಾವ ಪದ ಮೇಲ್ವರ್ಗದ್ದು, ಯಾವುದು ಅಲ್ಲ ಎಂದು 1954ರಲ್ಲಿ ಭಾಷಾವಿಜ್ಞಾನಿ ಅಲನ್ ರಾಸ್ ಒಂದು ಪ್ರಬಂಧ ಬರೆದರೆ, ಮರುವರ್ಷ ನ್ಯಾನ್ಸಿ ಮಿಟ್‌ಫರ್ಡ್ ಅದನ್ನು ಇಡೀ ದೇಶದ ಚರ್ಚೆಯಾಗಿಸಿದರು. ‘ಪಬ್ಲಿಕ್ ಸ್ಕೂಲ್’ ಎಂದರೆ ಸರ್ಕಾರಿ ಶಾಲೆ ಎಂದುಕೊಂಡ ಅಮೆರಿಕನ್ನನಿಗೆ ಅದು ಭಾರಿ ಶುಲ್ಕದ ಖಾಸಗಿ ಶಾಲೆ ಎಂದು ತಿಳಿಯುವುದು ಆಮೇಲೆ. 1440ರಲ್ಲಿ ಸ್ಥಾಪನೆಯಾದ ಈಟನ್ ಶಾಲೆಯೊಂದರಿಂದಲೇ 20 ಪ್ರಧಾನಿಗಳು ಬಂದಿದ್ದಾರೆ. ಇದರಲ್ಲಿ ಅಮೆರಿಕನ್ನನಿಗೆ ಒಂದು ಲಾಭವೂ ಇದೆ: ಅವನ ಉಚ್ಚಾರಣೆ ಈ ಏಣಿಯ ಯಾವ ಮೆಟ್ಟಿಲಿಗೂ ಕೂರುವುದಿಲ್ಲ, ಹಾಗಾಗಿ ಎಲ್ಲರೊಡನೆಯೂ ಸಲೀಸಾಗಿ ಮಾತಾಡಬಲ್ಲ. ಹಾಗೆಂದು ಅಮೆರಿಕದಲ್ಲಿ ವರ್ಗವಿಲ್ಲ ಎನ್ನುವುದು ಸುಳ್ಳು. ಅಲ್ಲಿ ಶಾಲೆಗಳ ಖರ್ಚಿನ ದೊಡ್ಡ ಪಾಲು ಆಯಾ ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. ಮಗುವಿನ ಭವಿಷ್ಯವನ್ನು ಮನೆಯ ವಿಳಾಸ ಬಹುಮಟ್ಟಿಗೆ ಬರೆದಿಡುತ್ತದೆ. ಬ್ರಿಟನ್ನಿನಲ್ಲಿ ವರ್ಗ ಕಿವಿಗೆ ಕೇಳಿಸುತ್ತದೆ, ಅಮೆರಿಕದಲ್ಲಿ ನಕ್ಷೆಯಲ್ಲಿ ಕಾಣುತ್ತದೆ.

ಇನ್ನು ಆಸ್ಪತ್ರೆ. ಬ್ರಿಟನ್ನಿನಲ್ಲಿ ಬಾಳಿದ ಅಮೆರಿಕನ್ನರಲ್ಲಿ ಬಹಳ ಜನರ ಮನಸ್ಸು ಬದಲಾಗುವುದು ಇಲ್ಲಿ. ಅನ್ಯೂರಿನ್ ಬೆವನ್ ಆರೋಗ್ಯ ಸಚಿವರಾಗಿದ್ದಾಗ, 1948ರ ಜುಲೈ 5ರಂದು ಶುರುವಾದ ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್, ತೆರಿಗೆಯ ಹಣದಿಂದ ನಡೆಯುತ್ತದೆ. ಚಿಕಿತ್ಸೆಯ ಹೊತ್ತಿಗೆ ರೋಗಿಯಿಂದ ಹಣ ಕೇಳುವುದಿಲ್ಲ. ಮೂಳೆ ಮುರಿದು ಆಸ್ಪತ್ರೆ ಸೇರಿದ ಅಮೆರಿಕನ್ ಹೊರಗೆ ಬರುವಾಗ ಕ್ಯಾಷ್ ಕೌಂಟರ್ ಎಲ್ಲಿದೆ ಎಂದು ಹುಡುಕುತ್ತಾನೆ. ತನ್ನ ದೇಶದಲ್ಲಾದರೆ ಆಂಬುಲೆನ್ಸಿಗೊಂದು, ವೈದ್ಯರಿಗೊಂದು, ಎಕ್ಸ್‌ರೇಗೊಂದು ಬಿಲ್ಲು ತಿಂಗಳುಗಟ್ಟಲೆ ಮನೆಗೆ ಬರುತ್ತಿತ್ತು. ಕೆಲಸ ಹೋದರೆ ವಿಮೆ ಹೋಗುತ್ತದೆ ಎಂಬ ಭಯದಲ್ಲಿ ಬೇಡದ ಕೆಲಸಕ್ಕೆ ಅಂಟಿಕೊಂಡವರು ಅಲ್ಲಿ ಕಡಿಮೆಯಿಲ್ಲ. ಆ ಭಯ ಇಲ್ಲದೆ ಬದುಕುವುದು ಹೇಗಿರುತ್ತದೆ ಎಂದು ಅನೇಕರಿಗೆ ಮೊದಲು ಗೊತ್ತಾಗುವುದೇ ಬ್ರಿಟನ್ನಿನಲ್ಲಿ. ಅಮೆರಿಕ ತನ್ನ ಒಟ್ಟು ಉತ್ಪನ್ನದ ಸುಮಾರು 17 ಶೇಕಡಾವನ್ನು ಆರೋಗ್ಯಕ್ಕೆ ವೆಚ್ಚ ಮಾಡುತ್ತದೆ, ಬ್ರಿಟನ್ ಸುಮಾರು 11.

ಕೊರತೆಗಳನ್ನೂ ಹೇಳಲೇಬೇಕು. ಇಂಗ್ಲೆಂಡ್ ಒಂದರಲ್ಲೇ ಯೋಜಿತ ಚಿಕಿತ್ಸೆಗಾಗಿ ಕಾಯುವ ಪ್ರಕರಣಗಳ ಪಟ್ಟಿ ಈಚಿನ ವರ್ಷಗಳಲ್ಲಿ 70 ಲಕ್ಷ ದಾಟಿದೆ. ತಜ್ಞರನ್ನು ನೇರವಾಗಿ ಕಾಣಲು ಬರುವುದಿಲ್ಲ, ಜಿಪಿ ಎಂದು ಕರೆಯುವ ಬಡಾವಣೆಯ ಸಾಮಾನ್ಯ ವೈದ್ಯರ ಮೂಲಕವೇ ಹೋಗಬೇಕು. ಒಳ್ಳೆಯ ವಿಮೆ ಇದ್ದು, ಬೇಕಾದ ವೈದ್ಯರನ್ನು ವಾರದೊಳಗೆ ಕಂಡು ಅಭ್ಯಾಸವಾದ ಅಮೆರಿಕನ್ನನಿಗೆ ಈ ಕಾಯುವಿಕೆ ಸಹಿಸಲಸಾಧ್ಯ. ವೀಸಾದ ಮೇಲೆ ಬರುವ ವಯಸ್ಕರು 2024ರ ಫೆಬ್ರವರಿಯಿಂದ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಸುಂಕವನ್ನು ಮುಂಗಡವಾಗಿ ಕಟ್ಟಬೇಕು. ಇಷ್ಟಾದರೂ ಬ್ರಿಟಿಷರು ಈ ವ್ಯವಸ್ಥೆಯನ್ನು ಬೈಯುತ್ತಲೇ ಎದೆಗವಚಿಕೊಂಡಿದ್ದಾರೆ. 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ದಾದಿಯರು ಆಸ್ಪತ್ರೆಯ ಮಂಚಗಳೊಡನೆ ಕುಣಿದದ್ದು ನೆನಪಿರಬಹುದು. ಒಂದು ದೇಶ ಜಗತ್ತಿಗೆ ತನ್ನನ್ನು ಪರಿಚಯಿಸಿಕೊಳ್ಳುವಾಗ ಆಸ್ಪತ್ರೆಯನ್ನು ಆರಿಸಿಕೊಂಡಿತು.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ ವ್ಯತ್ಯಾಸ ಕಾಲುದಾರಿಗಳದ್ದು. ಇದನ್ನು ನಮ್ಮಲ್ಲಿ ಯಾರೂ ಹೆಚ್ಚು ಬರೆದಂತಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 2 ಲಕ್ಷ 25 ಸಾವಿರ ಕಿಲೋಮೀಟರ್ ಸಾರ್ವಜನಿಕ ಕಾಲುದಾರಿಗಳೂ ಕುದುರೆದಾರಿಗಳೂ ಇವೆ. ಇವು ಬಹುಮಟ್ಟಿಗೆ ಖಾಸಗಿ ಜಮೀನಿನ ಮೂಲಕ ಹಾದುಹೋಗುತ್ತವೆ. ಗೋಧಿ ಹೊಲದ ನಡುವೆ, ಕುರಿಗಳ ಹುಲ್ಲುಗಾವಲಿನಲ್ಲಿ, ಕೆಲವೆಡೆ ಶ್ರೀಮಂತರ ಬಂಗಲೆಯ ಅಂಗಳದ ಪಕ್ಕದಲ್ಲೇ ನಡೆಯಲು ಯಾರಿಗೂ ಹಕ್ಕಿದೆ; ಒಡೆಯ ತಡೆಯುವಂತಿಲ್ಲ. ಬೇಲಿ ಬಂದಲ್ಲಿ ದಾಟಲು ಮರದ ಮೆಟ್ಟಿಲು ಇರುತ್ತದೆ. ‘ಅತಿಕ್ರಮ ಪ್ರವೇಶ ನಿಷಿದ್ಧ’ ಎಂಬ ಫಲಕ ನೋಡುತ್ತ ಬೆಳೆದ ಅಮೆರಿಕನ್ನನಿಗೆ ಮೊದಲ ಸಲ ಇನ್ನೊಬ್ಬರ ಹೊಲಕ್ಕೆ ಕಾಲಿಡುವಾಗ ಎದೆ ಹೊಡೆದುಕೊಳ್ಳುತ್ತದೆ.

ಈ ಹಕ್ಕು ಸುಮ್ಮನೆ ಬಂದದ್ದಲ್ಲ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಸುತ್ತಲಿನ ನೂರಾರು ದುಡಿಯುವ ಯುವಕ ಯುವತಿಯರು, 20 ವರ್ಷದ ಬೆನ್ನಿ ರಾಥ್‌ಮನ್ ಮುಂದಾಳ್ತನದಲ್ಲಿ, ಒಡೆಯರು ತಮ್ಮ ಬೇಟೆಗಾಗಿ ಕಾಯ್ದಿರಿಸಿದ್ದ ಕಿಂಡರ್ ಸ್ಕೌಟ್ ಬೆಟ್ಟವನ್ನು ಏರಿದರು. ಐವರು ಜೈಲಿಗೆ ಹೋದರು. ಆ ಕಿಚ್ಚು ಆರಲಿಲ್ಲ: 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ, 2000ದಲ್ಲಿ ಬೆಟ್ಟ ಬಯಲುಗಳಲ್ಲಿ ಅಲೆಯುವ ಹಕ್ಕಿನ ಕಾಯ್ದೆ, 2003ರಲ್ಲಿ ಸ್ಕಾಟ್‌ಲೆಂಡಿನಲ್ಲಿ ಇನ್ನೂ ವಿಶಾಲವಾದ ಕಾನೂನು. ಜಗತ್ತಿಗೆ ರಾಷ್ಟ್ರೀಯ ಉದ್ಯಾನದ ಕಲ್ಪನೆ ಕೊಟ್ಟದ್ದು ಅಮೆರಿಕವೇ, 1872ರ ಯೆಲ್ಲೋಸ್ಟೋನ್. ಅದು ಜನವಸತಿಯಿಂದ ಬೇರೆಯಾಗಿ ಸರ್ಕಾರದ ವಶದಲ್ಲಿಟ್ಟ ಮಹಾರಣ್ಯ. ಬ್ರಿಟನ್ನಿನ ಉದ್ಯಾನದೊಳಗೆ ಊರುಗಳಿವೆ, ರೈತರಿದ್ದಾರೆ, ಜಮೀನು ಬಹುಪಾಲು ಖಾಸಗಿ. ಬ್ರಿಟನ್ ಇಡೀ ಕರ್ನಾಟಕಕ್ಕಿಂತ ತುಸುವೇ ದೊಡ್ಡ ದ್ವೀಪ. ಅಷ್ಟು ಇಕ್ಕಟ್ಟಿನಲ್ಲಿ ಜನರಿಗೆ ಬೇರೆ ಕಾಡು ಕೊಡಲಾಗದು. ಇದ್ದ ಹೊಲದಲ್ಲೇ ದಾರಿ ಬಿಡಬೇಕು. ಈ ಹಳ್ಳಿಗಾಡಿನ ಮೇಲೆ ಮನಸ್ಸಿಟ್ಟ ಬ್ರೈಸನ್ 2007ರಿಂದ 2012ರವರೆಗೆ ಇಂಗ್ಲೆಂಡಿನ ಗ್ರಾಮೀಣ ಪರಿಸರ ರಕ್ಷಣೆಯ ಪ್ರಮುಖ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಅಯೋವಾದವರೊಬ್ಬರಿಗೆ ಇಂಗ್ಲಿಷರು ಆ ಸ್ಥಾನ ಕೊಟ್ಟರು.

ದುಡಿಮೆಯ ವಿಷಯದಲ್ಲಿ ಅಂಕಿಗಳೇ ಸಾಕು. ವಾರಕ್ಕೆ ಐದು ದಿನ ದುಡಿಯುವ ಬ್ರಿಟಿಷ್ ನೌಕರರಿಗೆ ವರ್ಷಕ್ಕೆ 28 ದಿನ ಸಂಬಳ ಸಹಿತ ರಜೆ ಕಾನೂನಿನ ಹಕ್ಕು. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ಬ್ರಿಟನ್ನಿನಲ್ಲಿ ಹೆರಿಗೆ ರಜೆ 52 ವಾರ, ಅದರಲ್ಲಿ 39 ವಾರ ಭತ್ಯೆ. ಅಮೆರಿಕದ 1993ರ ಕಾಯ್ದೆ ಕೊಡುವುದು 12 ವಾರ, ಸಂಬಳವಿಲ್ಲದೆ. ಟಿಪ್ಸ್ ಪಡೆಯುವ ಮಾಣಿಗೆ ಅಮೆರಿಕದ ಒಕ್ಕೂಟದ ಕನಿಷ್ಠ ಕೂಲಿ 1991ರಿಂದ ಗಂಟೆಗೆ 2.13 ಡಾಲರಿನಲ್ಲೇ ನಿಂತಿದೆ; ಅವರ ಸಂಸಾರ ನಡೆಯುವುದು ಗಿರಾಕಿಯ ಕೈಯಿಂದ. ಬ್ರಿಟಿಷ್ ಹೋಟೆಲಿನಲ್ಲಿ ಮಾಣಿ ನಗುನಗುತ್ತ ಮತ್ತೆ ಮತ್ತೆ ವಿಚಾರಿಸುವುದಿಲ್ಲ ಎಂದು ದೂರುವ ಅಮೆರಿಕನ್ನರು ಆ ನಗುವಿನ ಹಿಂದಿನ ಲೆಕ್ಕವನ್ನು ಒಮ್ಮೆ ನೋಡಬೇಕು.

ಬಂದೂಕಿನ ವಿಷಯ ಇನ್ನೂ ಗಂಭೀರ. ಸ್ಕಾಟ್‌ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 1996ರ ಮಾರ್ಚ್‌ನಲ್ಲಿ 16 ಮಕ್ಕಳೂ ಅವರ ಶಿಕ್ಷಕಿಯೂ ಗುಂಡಿಗೆ ಬಲಿಯಾದರು. ಮರುವರ್ಷವೇ ಬ್ರಿಟನ್ ಕೈಬಂದೂಕುಗಳನ್ನು ಹೆಚ್ಚುಕಡಿಮೆ ಪೂರ್ತಿ ನಿಷೇಧಿಸಿತು. ಬೀದಿಯ ಪೊಲೀಸರ ಸೊಂಟದಲ್ಲಿ ಸಾಮಾನ್ಯವಾಗಿ ಬಂದೂಕು ಇರುವುದಿಲ್ಲ. ಶಾಲೆಗೆ ಮಗುವನ್ನು ಬಿಟ್ಟು ಬರುವಾಗ ಅಮೆರಿಕನ್ ತಾಯ್ತಂದೆಯರ ಮನಸ್ಸಿನಿಂದ ಇಳಿಯುವ ಭಾರ ಎಂಥದೆಂದು ಊಹಿಸಿಕೊಳ್ಳಬಹುದು.

ಧರ್ಮದಲ್ಲಿ ಲೆಕ್ಕ ತಿರುಗುಮುರುಗಾಗಿದೆ. ಬ್ರಿಟನ್ನಿನ ರಾಜನೇ ಇಂಗ್ಲೆಂಡಿನ ಚರ್ಚಿನ ಮುಖ್ಯಸ್ಥ, ಮೇಲ್ಮನೆಯಲ್ಲಿ 26 ಬಿಷಪ್ಪರಿಗೆ ಸ್ಥಾನ. ಆದರೆ 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 46.2 ಶೇಕಡಾ ಜನ ಮಾತ್ರ ತಾವು ಕ್ರೈಸ್ತರೆಂದರು, 37.2 ಶೇಕಡಾ ಜನ ಯಾವ ಧರ್ಮವೂ ಇಲ್ಲವೆಂದರು. ರಾಜ್ಯ ಮತ್ತು ಚರ್ಚನ್ನು ಸಂವಿಧಾನದಲ್ಲೇ ಬೇರ್ಪಡಿಸಿದ ಅಮೆರಿಕದಲ್ಲಿ ದೇವರ ಹೆಸರೆತ್ತದೆ ಚುನಾವಣೆ ಗೆಲ್ಲುವುದು ಕಷ್ಟ.

ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಯಾವ ಅಮೆರಿಕನ್? ಜೇಮ್ಸ್ ಕಂಡ ಬ್ರಿಟನ್ ಬೇರೆ, ಫ್ರೆಡರಿಕ್ ಡಗ್ಲಾಸ್ ಕಂಡ ಬ್ರಿಟನ್ ಬೇರೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡಿದ್ದ ಡಗ್ಲಾಸ್ 1845ರಲ್ಲಿ ತಮ್ಮ ಆತ್ಮಕಥೆ ಪ್ರಕಟಿಸಿ, ಒಡೆಯ ಮತ್ತೆ ಹಿಡಿಸಬಹುದೆಂಬ ಆತಂಕದಲ್ಲಿ ಅಟ್ಲಾಂಟಿಕ್ ದಾಟಿದರು. ಸುಮಾರು 19 ತಿಂಗಳು ಐರ್ಲೆಂಡ್, ಸ್ಕಾಟ್‌ಲೆಂಡ್, ಇಂಗ್ಲೆಂಡುಗಳಲ್ಲಿ ಭಾಷಣ ಮಾಡುತ್ತ ತಿರುಗಿದರು. ಒಂದೇ ಬಾಗಿಲಿನಿಂದ ಒಳಹೋಗುವುದು, ಒಂದೇ ಮೇಜಿನಲ್ಲಿ ಉಣ್ಣುವುದು ಅವರಿಗೆ ಹೊಸ ಅನುಭವ. 1846ರಲ್ಲಿ ಅವರ ಬಿಡುಗಡೆಯ ಹಣವನ್ನು ಕೂಡಿಸಿ ಕೊಟ್ಟವರು ಬ್ರಿಟಿಷ್ ಸ್ನೇಹಿತರು. ಸುಮಾರು ನೂರು ವರ್ಷದ ನಂತರ, 1943ರ ಜೂನ್‌ನಲ್ಲಿ, ಲಂಕಾಷೈರಿನ ಬ್ಯಾಂಬರ್ ಬ್ರಿಜ್ ಎಂಬ ಊರಿನಲ್ಲಿ ಕಪ್ಪು ಸೈನಿಕರನ್ನು ಪಬ್ಬುಗಳಿಂದ ದೂರವಿಡಬೇಕೆಂದು ಅಮೆರಿಕನ್ ಸೇನೆ ಬಯಸಿತು. ಪಬ್ಬಿನವರು ‘ಕಪ್ಪು ಸೈನಿಕರಿಗೆ ಮಾತ್ರ’ ಎಂಬ ಬೋರ್ಡು ಹಾಕಿ ಉತ್ತರಿಸಿದರು. ಅದೇ ಊರಿನಲ್ಲಿ 24ರ ರಾತ್ರಿ ಅಮೆರಿಕದ ಬಿಳಿಯ ಮಿಲಿಟರಿ ಪೊಲೀಸರಿಗೂ ಕಪ್ಪು ಸೈನಿಕರಿಗೂ ಗುಂಡಿನ ಚಕಮಕಿಯಾಗಿ ವಿಲಿಯಂ ಕ್ರಾಸ್‌ಲ್ಯಾಂಡ್ ಎಂಬ ಕಪ್ಪು ಸೈನಿಕ ಸತ್ತ.

ಇದನ್ನೇ ಬ್ರಿಟನ್ನಿಗೆ ಪ್ರಶಸ್ತಿಪತ್ರ ಮಾಡಬಾರದು. ಬ್ಯಾಂಬರ್ ಬ್ರಿಜ್ ಘಟನೆ ನಡೆದ ಮುಂದಿನ ತಿಂಗಳೇ ವೆಸ್ಟ್ ಇಂಡೀಸಿನ ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್‌ಗೆ ಲಂಡನ್ನಿನ ಹೋಟೆಲೊಂದು ಮೈಬಣ್ಣದ ಕಾರಣಕ್ಕೆ ಕೋಣೆ ನಿರಾಕರಿಸಿತು. ಅವರು ನ್ಯಾಯಾಲಯಕ್ಕೆ ಹೋಗಿ 1944ರಲ್ಲಿ ಗೆದ್ದರು. 1927ರಿಂದ 1939ರವರೆಗೆ ಲಂಡನ್ನಿನಲ್ಲಿ ನೆಲೆಸಿದ್ದ ಗಾಯಕ ಪಾಲ್ ರಾಬ್ಸನ್ ಅವರನ್ನೂ 1929ರಲ್ಲಿ ಅಲ್ಲಿನ ಪ್ರಸಿದ್ಧ ಹೋಟೆಲು ಒಳಗೆ ಬಿಡಲಿಲ್ಲ. ಅದೇ ರಾಬ್ಸನ್ ವೇಲ್ಸ್‌ನ ಗಣಿಕಾರ್ಮಿಕರೊಡನೆ ಒಡಹುಟ್ಟಿದವರಂತೆ ಬೆರೆತರು. ಅಮೆರಿಕ ಅವರ ಪಾಸ್‌ಪೋರ್ಟ್ ಕಿತ್ತುಕೊಂಡಿದ್ದಾಗ, 1957ರಲ್ಲಿ, ಅವರು ನ್ಯೂಯಾರ್ಕಿನಿಂದ ಟೆಲಿಫೋನ್ ತಂತಿಯ ಮೂಲಕ ಆ ಗಣಿಕಾರ್ಮಿಕರಿಗೆ ಹಾಡಿದರು.

ಕ್ಯಾಲಿಫೋರ್ನಿಯಾದಿಂದಲೋ ಟೆಕ್ಸಾಸಿನಿಂದಲೋ ಕೆಲಸದ ಮೇಲೆ ಬ್ರಿಟನ್ನಿಗೆ ಹೋಗುವ ಕನ್ನಡಿಗರು ಈಗ ಅನೇಕರಿದ್ದಾರೆ. ಅವರ ಕಣ್ಣು ಅಷ್ಟರಲ್ಲಿ ಅರ್ಧ ಅಮೆರಿಕದ್ದಾಗಿರುತ್ತದೆ. ಅವರಿಗೆ ನನ್ನ ವಿನಂತಿ ಇಷ್ಟು. ಅಲ್ಲಿಗೆ ಹೋದ ಮೊದಲ ವಾರದಲ್ಲೇ ಹತ್ತಿರದ ಜಿಪಿ ಬಳಿ ಮನೆಯವರೆಲ್ಲರ ಹೆಸರು ಬರೆಸಿ. ಮಳೆ ಬಿಟ್ಟ ಮೊದಲ ಭಾನುವಾರ ಆರ್ಡನನ್ಸ್ ಸರ್ವೆ ನಕ್ಷೆ ತಂದು, ಅದರಲ್ಲಿ ಹಸಿರು ಚುಕ್ಕೆಗೆರೆಯಾಗಿ ಕಾಣುವ ಕಾಲುದಾರಿಯೊಂದನ್ನು ಹಿಡಿದು ಮಕ್ಕಳ ಜೊತೆ ನಡೆಯಿರಿ, ದಾಟಿದ ಗೇಟನ್ನು ಮುಚ್ಚಿ. ಪಕ್ಕದ ಮನೆಯವರು ಹವಾಮಾನದ ಮಾತೆತ್ತಿದರೆ ಅವಸರ ಮಾಡದೆ ನಿಂತು ಉತ್ತರ ಕೊಡಿ.